ಮುಂಜಾನೆ ಮೊದಲ ಸ್ಟಾರ್ಟ್‌ಗೆ ಟೈಮಿಂಗ್ ಚೈನ್ ಸದ್ದು: ಆಯಿಲ್ ಬದಲಿಸಿದರೆ ಸಾಕೋ, ಎಂಜಿನ್ ಬಿಚ್ಚಬೇಕೋ?

ಎಡದಂಡೆ (ಸಿಂಧನೂರು)

ಎಲ್ರಿಗೂ ನಮಸ್ಕಾರ. ಗಾಡಿ 2015ರ ಡೀಸೆಲ್ ಸೆಡಾನ್. ಎಂಜಿನ್ 1248 ಸಿಸಿ, ನಾಕು ಸಿಲಿಂಡರ್, 16 ವಾಲ್ವ್. ಓಡಿದ್ದು 1,62,000 ಕಿ.ಮೀ. ರಾತ್ರಿ ನಿಲ್ಲಿಸಿ ಮುಂಜಾನೆ ಸೆಲ್ಫ್ ಹೊಡದ್ರ ಬಲಗಡೆ, ಅಂದ್ರ ಬೆಲ್ಟ್ ಇರೋ ಕಡೆ, ಗರಗರ ಅಂತದ. ಮೂರ್ನಾಕು ಸೆಕೆಂಡಿಗೆ ನಿಲ್ತದ. ಎಂಜಿನ್ ಬಿಸಿ ಇದ್ದಾಗ ಸ್ಟಾರ್ಟ್ ಮಾಡಿದ್ರ ಸದ್ದೇ ಇಲ್ಲ. ಚೆಕ್ ಎಂಜಿನ್ ಲೈಟ್ ಬಂದಿಲ್ಲ. ಪಿಕಪ್ ಸ್ವಲ್ಪ ಮಂದ ಆಗ್ಯದ.

ಆಯಿಲ್ 10,000 ಕಿ.ಮೀ.ಗೊಮ್ಮೆ ತಪ್ಪದ ಬದಲಾಗ್ಯದ. ಬಾಡಿಗಿ ಗಾಡಿ, ಕಾರಟಗಿ-ಗಂಗಾವತಿ ಕಡಿ ರೈಸ್ ಮಿಲ್‌ಗಳ ಓಡಾಟ ಜಾಸ್ತಿ. ದಿನಕ್ಕ ಎರಡು ತಾಸರ ಎಸಿ ಹಾಕ್ಕೊಂಡು ನಿಂತಲ್ಲೇ ಎಂಜಿನ್ ನಡೀತಿರ್ತದ.

ಒಬ್ಬ ಮೇಸ್ತ್ರಿ 20ಡಬ್ಲ್ಯು50 ಅನ್ನೋ ದಪ್ಪ ಆಯಿಲ್ ಹಾಕ್ರಿ, ಸದ್ದು ಹೋಗ್ತದ ಅಂತಾರ. ಇನ್ನೊಬ್ಬರು ಚೈನ್ ಬಿಗಿ ಹಿಡಿಯೋ ಟೆನ್ಷನರ್ ಒಂದೇ ಬದಲಿಸಿದ್ರ ಸಾಕು ಅಂತಾರ. ಮೂರನೇಯವರು ಪೂರಾ ಚೈನ್ ಕಿಟ್ಟೇ ಹಾಕಬೇಕು ಅಂತಾರ. ಯಾವ್ದು ಸರಿ? ಎಂಜಿನ್ ಬಿಚ್ಚೋ ಮೊದಲ ಖಾತ್ರಿ ಮಾಡ್ಕೊಳ್ಳಾಕ ಏನ್ ನೋಡಬೇಕು?

ಸ್ಪ್ಯಾನರ್ 17 (ಬಳ್ಳಾರಿ)

ಅಣ್ಣಾ, ಮೊದಲು ಆ 20ಡಬ್ಲ್ಯು50 ಮಾತು ಬಿಡ್ರಿ.

ಪಿಸ್ಟನ್‌ಗಳು ತಿರುಗಿಸೋ ದಂಡ ಕ್ರ್ಯಾಂಕ್, ವಾಲ್ವ್ ತೆರೆಯೋ ದಂಡ ಕ್ಯಾಮ್; ಎರಡನ್ನೂ ತಾಳೆಯಲ್ಲಿ ತಿರುಗಿಸೋದು ಟೈಮಿಂಗ್ ಚೈನ್. ಈ ಎಂಜಿನ್‌ನಲ್ಲಿ ಟೆನ್ಷನರ್ ನಡೆಯೋದು ಆಯಿಲ್ ಪ್ರೆಶರ್ ಮೇಲೆ. ಒಳಗೆ ಸಣ್ಣ ಪಿಸ್ಟನ್, ಸ್ಪ್ರಿಂಗ್, ಆಯಿಲ್ ವಾಪಸ್ ಹೋಗದಂಗೆ ತಡೆಯೋ ಚೆಕ್ ವಾಲ್ವ್ ಇರ್ತವೆ. ರಾತ್ರಿಯೆಲ್ಲಾ ನಿಂತಾಗ ಆಯಿಲ್ ಕೆಳಗಿನ ಚೇಂಬರ್‌ಗೆ (ಆಯಿಲ್ ತೊಟ್ಟಿಗೆ) ಇಳಿದುಬಿಡುತ್ತೆ. ಸ್ಟಾರ್ಟ್ ಆದ ಮೇಲೆ ಪಂಪ್ ಅದನ್ನ ಟೆನ್ಷನರ್ ತನಕ ಮುಟ್ಟಿಸೋಕೆ ಒಂದೆರಡು ಸೆಕೆಂಡ್ ಬೇಕು. ಅಲ್ಲಿ ತನಕ ಚೈನ್ ಹಿಡಿಯೋದು ಬರೀ ಸ್ಪ್ರಿಂಗ್. ಚೈನ್ ಚೆನ್ನಾಗಿದ್ರೆ ಅಷ್ಟೇ ಸಾಕು. ಚೈನ್ ಉದ್ದ ಆಗಿದ್ರೆ ಪಿಸ್ಟನ್ ಬಹಳ ಹೊರಗೆ ಬಂದಿರುತ್ತೆ, ಸ್ಪ್ರಿಂಗ್ ಬಲ ಕಮ್ಮಿ ಆಗಿರುತ್ತೆ, ಚೈನ್ ಕುಣಿದು ಗೈಡ್‌ಗೂ (ಚೈನ್ ಜಾರೋ ಪ್ಲಾಸ್ಟಿಕ್ ಪಟ್ಟಿ) ಕವರ್‌ಗೂ ಬಡಿಯುತ್ತೆ. ನಿಮ್ಮ ಗರಗರ ಬಹುಶಃ ಇದೇ.

ಈಗ ದಪ್ಪ ಆಯಿಲ್ ಹಾಕಿದ್ರೆ ಏನಾಗುತ್ತೆ? ಅದು ತಣ್ಣಗಿದ್ದಾಗ ಇನ್ನೂ ನಿಧಾನ ಹರಿಯುತ್ತೆ. ಟೆನ್ಷನರ್ ತುಂಬೋದು ತಡ, ಚೈನ್ ಸಡಿಲಾಗಿ ಬಡಿಯೋ ಹೊತ್ತು ಜಾಸ್ತಿ. ಬಿಸಿ ಆದ ಮೇಲೆ ಮಾತ್ರ ಸದ್ದು ಸ್ವಲ್ಪ ಮುಚ್ಚಿಕೊಳ್ಳುತ್ತೆ. ಅದನ್ನ ಕೇಳಿ ರಿಪೇರಿ ಆಯ್ತು ಅಂದ್ಕೊಂತಾರೆ.

ನಮ್ಮ ಕಡೆ ಬಿಸಿಲು ಜಾಸ್ತಿ, ಅದಕ್ಕೆ ದಪ್ಪ ಆಯಿಲ್ ಬೇಕು ಅನ್ನೋ ವಾದ ಬಳ್ಳಾರಿ-ರಾಯಚೂರಲ್ಲಿ ಎಲ್ಲಾ ಕಡೆ ಕೇಳ್ತೀವಿ. ಹೊರಗೆ 43 ಡಿಗ್ರಿ ಇರ್ಲಿ, 18 ಇರ್ಲಿ, ಎಂಜಿನ್ ಕೂಲೆಂಟ್‌ನ ಥರ್ಮೋಸ್ಟಾಟ್ 90ರ ಆಸುಪಾಸಲ್ಲಿ ಹಿಡಿದಿರುತ್ತೆ, ಆಯಿಲ್ ಬಿಸಿಯೂ ಅದರ ಸುತ್ತಲೇ ಇರುತ್ತೆ. ಕೊನೆಯ ಸಂಖ್ಯೆ 30 ಅಥವಾ 40 ಅಂತ ಇರೋದೇ 100 ಡಿಗ್ರಿಯಲ್ಲಿ ಎಷ್ಟು ದಪ್ಪ ಉಳಿಯುತ್ತೆ ಅಂತ ಹೇಳೋಕೆ. ಕೋಲ್ಡ್ ಸ್ಟಾರ್ಟ್ ಅಂದ್ರೆ ಚಳಿಗಾಲ ಅಂತಲ್ಲ, ಏಳೆಂಟು ತಾಸು ನಿಂತು ಆಯಿಲ್ ಇಳಿದುಹೋದ ಎಂಜಿನ್ ಅಂತ. ಮೇ ತಿಂಗಳಲ್ಲೂ ಕೋಲ್ಡ್ ಸ್ಟಾರ್ಟ್ ಆಗುತ್ತೆ. ಮ್ಯಾನುಯಲ್‌ನಲ್ಲಿರೋ ಗ್ರೇಡನ್ನೇ ಹಾಕ್ರಿ.

ಬಿಚ್ಚೋ ಮೊದಲು ಈ ಕ್ರಮದಲ್ಲಿ ನೋಡ್ರಿ.

ಆಯಿಲ್ ಮಟ್ಟ. ಗಾಡಿ ಸಮತಟ್ಟು ಜಾಗದಲ್ಲಿ ಹತ್ತು ನಿಮಿಷ ನಿಂತ ಮೇಲೆ ಕಡ್ಡಿ ನೋಡಬೇಕು. ಈ ಎಂಜಿನ್‌ಗೆ ಹಿಡಿಯೋದೇ ಸುಮಾರು 3 ಲೀಟರ್. ಅದರಲ್ಲಿ ಒಂದು ಲೀಟರ್ ಕಮ್ಮಿ ಇದ್ರೆ ಮೂರರಲ್ಲಿ ಒಂದು ಪಾಲೇ ಇಲ್ಲ. ಮಟ್ಟ ಮೇಲಿನ ಗೆರೆ ದಾಟಿದ್ರೂ ಕೆಟ್ಟದ್ದೇ: ಡೀಸೆಲ್ ಆಯಿಲ್‌ಗೆ ಸೇರ್ತಿರಬಹುದು. ಕಡ್ಡಿ ಮೂಸಿದ್ರೆ ಡೀಸೆಲ್ ವಾಸನೆ ಬರುತ್ತೆ.

ಫಿಲ್ಟರ್. ನಿಂತಾಗ ಆಯಿಲ್ ವಾಪಸ್ ಇಳಿಯದಂಗೆ ಹಿಡಿಯೋ ವ್ಯವಸ್ಥೆ ಫಿಲ್ಟರಲ್ಲೋ ಅದರ ಹೌಸಿಂಗಲ್ಲೋ ಇರುತ್ತೆ. ನಕಲಿ ಫಿಲ್ಟರ್ ಹಾಕಿದ್ರೆ, ಸೀಲ್ ಸರಿ ಕೂರದಿದ್ರೆ ಅದು ಕೆಲಸ ಮಾಡಲ್ಲ. ಅಷ್ಟರಿಂದಲೇ ಹೊಸ ಚೈನ್ ಇದ್ರೂ ಸದ್ದು ಬರಬಹುದು. ಅಸಲಿ ಫಿಲ್ಟರ್, ಸರಿಯಾದ ಆಯಿಲ್ ಹಾಕಿ ನಾಲ್ಕೈದು ಮುಂಜಾನೆ ಕೇಳ್ರಿ.

ಸದ್ದಿನ ಜಾಗ. ಉದ್ದ ಸ್ಕ್ರೂಡ್ರೈವರ್ ಇಲ್ಲಾ ಮೆಕ್ಯಾನಿಕ್ ಸ್ಟೆತಸ್ಕೋಪ್ ಟೈಮಿಂಗ್ ಕವರ್ ಮೇಲೆ ಇಟ್ಟು ಒಬ್ಬರು ಕೇಳಬೇಕು, ಇನ್ನೊಬ್ಬರು ಸ್ಟಾರ್ಟ್ ಮಾಡಬೇಕು. ತಿರುಗೋ ಬೆಲ್ಟ್‌ಗೆ ಕೈ, ಅಂಗಿ ತಾಗದಂಗೆ ನೋಡ್ಕೊಳ್ರಿ. ಸಂಶಯ ಇದ್ರೆ ಹೊರಗಿನ ಬೆಲ್ಟ್ ತೆಗೆದು ಅರ್ಧ ನಿಮಿಷದೊಳಗೆ ಒಮ್ಮೆ ನಡೆಸಿ ನೋಡಬಹುದು. ಆಗ ಸದ್ದು ಹೋದ್ರೆ ತಪ್ಪು ಆಲ್ಟರ್ನೇಟರ್, ಐಡ್ಲರ್ ಕಡೆದು. ಕ್ಲಚ್ ಒತ್ತಿದಾಗ ಬದಲಾಗೋ ಸದ್ದು ಗೇರ್‌ಬಾಕ್ಸ್ ಕಡೆದು, ಚೈನ್‌ದಲ್ಲ. ಇಂಜೆಕ್ಟರ್ ಕಟಕಟ ಬಿಸಿಯಾದ ಮೇಲೂ ಇರುತ್ತೆ, ರೇಸ್ ಕೊಟ್ಟಂಗೆ ಬದಲಾಗುತ್ತೆ.

ಸ್ಕ್ಯಾನರ್. ಲೈಟ್ ಬರದಿದ್ರೂ ಎಂಜಿನ್ ಕಂಪ್ಯೂಟರ್ ಮೆಮೊರಿಯಲ್ಲಿ ತಪ್ಪಿನ ಕೋಡ್ ಕೂತಿರಬಹುದು. ಪಿ0016 ಬಂದಿದ್ರೆ ಕ್ರ್ಯಾಂಕ್‌ಗೂ ಕ್ಯಾಮ್‌ಗೂ ತಾಳೆ ಆಗ್ತಿಲ್ಲ ಅಂತ. ಪಿ0340 ಅಂದ್ರೆ ಮೊದಲು ಕ್ಯಾಮ್ ಸೆನ್ಸರ್, ಅದರ ವೈರಿಂಗ್ ನೋಡಬೇಕು. ಎರಡನ್ನೂ ಒಂದೇ ಅಂದ್ಕೊಂಡು ಸೆನ್ಸರ್ ಬದಲಿಸುತ್ತಾ ಕೂತ್ರೆ ಚೈನ್ ತನ್ನ ಪಾಡಿಗೆ ಸವೆಯುತ್ತಲೇ ಇರುತ್ತೆ. ಆಸಿಲೋಸ್ಕೋಪ್ ಇರೋ ಎಲೆಕ್ಟ್ರಿಷಿಯನ್ ಸಿಕ್ಕರೆ ಕ್ಯಾಮ್, ಕ್ರ್ಯಾಂಕ್ ಎರಡರ ಸೆನ್ಸರ್ ಸಿಗ್ನಲ್ ಅಲೆ ಒಟ್ಟಿಗೆ ತೆಗೆಸ್ರಿ. ಅದಕ್ಕಿಂತ ಖಚಿತ ಪರೀಕ್ಷೆ ಕವರ್ ಬಿಚ್ಚದೆ ಇನ್ನೊಂದಿಲ್ಲ.

ಕೆಂಪುಧೂಳು (ತೋರಣಗಲ್ಲು)

ಮೇಲಿನ ಉತ್ತರ ಪೂರ್ತಿ ಒಪ್ಪುತ್ತೇನೆ. ಚೈನ್ ಯಾಕೆ ಸವೆಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರಣ ಹಾಗೇ ಉಳಿದರೆ ಹೊಸ ಕಿಟ್ಟೂ ಅದೇ ದಾರಿ ಹಿಡಿಯುತ್ತದೆ.

ಚೈನಿನ ಪ್ರತಿ ಕೊಂಡಿಯಲ್ಲಿ ಒಂದು ಪಿನ್ನು, ಅದು ತಿರುಗುವ ಜಾಗ. ಎರಡರ ನಡುವೆ ಇರುವುದು ಆಯಿಲ್ ಪದರ ಮಾತ್ರ. ಲೆಕ್ಕಕ್ಕೆ 8 ಮಿ.ಮೀ. ಪಿಚ್‌ನ (ಪಿನ್ನಿನಿಂದ ಪಿನ್ನಿಗೆ ಇರುವ ದೂರ) 120 ಕೊಂಡಿಗಳ ಚೈನ್ ಹಿಡಿಯಿರಿ: ಒಟ್ಟು ಉದ್ದ 960 ಮಿ.ಮೀ. ಪ್ರತಿ ಕೊಂಡಿಯಲ್ಲಿ ಬರೀ 0.04 ಮಿ.ಮೀ. ಸವೆದರೆ ಒಟ್ಟು 4.8 ಮಿ.ಮೀ. ಉದ್ದವಾಗುತ್ತದೆ. ಕ್ಯಾಮ್ ಸ್ಪ್ರಾಕೆಟ್‌ಗೆ (ಚೈನ್ ಕೂರುವ ಹಲ್ಲಿನ ಚಕ್ರ) 40 ಹಲ್ಲು ಇದ್ದರೆ ಅದರ ಸುತ್ತಳತೆ 320 ಮಿ.ಮೀ., ಅಂದರೆ 1 ಮಿ.ಮೀ.ಗೆ ಕ್ಯಾಮ್‌ನಲ್ಲಿ ಸುಮಾರು 1.1 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ ಅದರ ಎರಡರಷ್ಟು. ಎಳೆಯುವ ಬದಿಯಲ್ಲಿ 2 ಮಿ.ಮೀ. ಹೆಚ್ಚಿದರೂ ವಾಲ್ವ್‌ಗಳು ಕ್ರ್ಯಾಂಕ್ ಲೆಕ್ಕದಲ್ಲಿ ನಾಲ್ಕು ಡಿಗ್ರಿಗಿಂತ ಹೆಚ್ಚು ತಡವಾಗಿ ತೆರೆಯುತ್ತವೆ. ನಿಮ್ಮ ಪಿಕಪ್ ಮಂದವಾಗಿರುವುದಕ್ಕೆ ಇದೂ ಕಾರಣವಿರಬಹುದು. ಇನ್ನೂ ಸಡಿಲವಾಗಿ ಒಂದು ಹಲ್ಲು ಹಾರಿದರೆ ಒಮ್ಮೆಗೇ ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ ತಪ್ಪುತ್ತದೆ.

ಈಗ ನಿಮ್ಮ ಗಾಡಿಯ ನಿಜವಾದ ಓಟ. ಐಡಲ್‌ನಲ್ಲಿ, ಅಂದರೆ ನಿಂತಲ್ಲೇ ನಡೆಯುವಾಗ, ನಿಮಿಷಕ್ಕೆ 800 ಸುತ್ತು ಅಂದರೆ ತಾಸಿಗೆ 48,000. ರಸ್ತೆಯಲ್ಲಿ 80ರ ವೇಗಕ್ಕೆ 2,000 ಸುತ್ತು ಇದ್ದರೆ ತಾಸಿಗೆ 1,20,000. ಹಾಗಾಗಿ ಒಂದು ತಾಸು ನಿಂತಲ್ಲೇ ನಡೆದ ಎಂಜಿನ್ 32 ಕಿ.ಮೀ. ಓಡಿದಷ್ಟು ತಿರುಗಿರುತ್ತದೆ. ದಿನಕ್ಕೆ ಎರಡು ತಾಸು, ವರ್ಷಕ್ಕೆ 300 ದಿನ ಅಂದರೆ ಮೀಟರ್‌ನಲ್ಲಿ ಕಾಣದ 19,200 ಕಿ.ಮೀ. ಆಯಿತು. ನೀವು 10,000ಕ್ಕೆ ಬದಲಿಸಿದ ಆಯಿಲ್ ಅದಕ್ಕಿಂತ ಎಷ್ಟೋ ಹೆಚ್ಚು ದುಡಿದಿದೆ. ಐಡಲ್‌ನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಮಸಿ ಹೆಚ್ಚುತ್ತದೆ, ಆ ಮಸಿ ಆಯಿಲ್‌ಗೆ ಇಳಿದು ಪಿನ್ನುಗಳನ್ನು ಉಜ್ಜುತ್ತದೆ. ಇಂಥ ಬಳಕೆಗೆ 5,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಅದಕ್ಕೆ ಆಯಿಲ್ ಬದಲಿಸಿ.

ಇನ್ನು ಧೂಳು. ಸಂಡೂರು-ತೋರಣಗಲ್ಲು ರಸ್ತೆಯಲ್ಲಿ ಅದಿರಿನ ಕೆಂಪು ಧೂಳು, ಶಕ್ತಿನಗರದ ವಿದ್ಯುತ್ ಸ್ಥಾವರದ ಕಡೆ ಹಾರುಬೂದಿ, ನಿಮ್ಮ ಕಡೆ ಭತ್ತದ ಹೊಟ್ಟಿನ ಬೂದಿ. ಮಿಲ್ ಬಾಯ್ಲರ್‌ನಿಂದ ಬರುವ ಹೊಟ್ಟಿನ ಬೂದಿ ಬಹುಪಾಲು ಸಿಲಿಕಾ. ಏರ್ ಫಿಲ್ಟರ್ ದಾಟಿ ಒಳಗೆ ಹೋದರೆ ಸಿಲಿಂಡರ್ ಗೋಡೆಯಿಂದ ಆಯಿಲ್‌ಗೆ ಇಳಿಯುತ್ತದೆ, ಆಯಿಲ್ ಅದನ್ನು ಚೈನ್‌ಗೆ ಒಯ್ಯುತ್ತದೆ. ಟೈರ್ ಅಂಗಡಿಯ ಕಂಪ್ರೆಸರ್‌ನಲ್ಲಿ ಫಿಲ್ಟರ್‌ಗೆ ಜೋರಾಗಿ ಗಾಳಿ ಹೊಡೆಸುವುದನ್ನು ದಯವಿಟ್ಟು ನಿಲ್ಲಿಸಿ. ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಫಿಲ್ಟರ್ ಡಬ್ಬಿಯ ಕ್ಲಿಪ್ ಮುರಿದಿದ್ದರೂ ಅಷ್ಟೇ ಹಾನಿ. ಪರೀಕ್ಷೆ ಸುಲಭ: ಫಿಲ್ಟರ್ ಆದ ಮೇಲಿನ ಪೈಪ್ ಬಿಚ್ಚಿ ಒಳಗೆ ಬಿಳಿ ಬಟ್ಟೆ ಆಡಿಸಿ. ಬಟ್ಟೆಗೆ ಒಣ ಧೂಳು ಅಂಟಿದರೆ ಧೂಳು ಎಂಜಿನ್‌ಗೆ ಹೋಗುತ್ತಿದೆ ಅಂತಲೇ ಅರ್ಥ. ಬರೀ ಆಯಿಲ್ ಜಿಡ್ಡು ಇದ್ದರೆ ಗಾಬರಿ ಬೇಡ, ಅದು ಬ್ರೀದರ್‌ನದು, ಅಂದರೆ ಎಂಜಿನ್ ಒಳಗಿನ ಆವಿ ಹೊರಬಿಡುವ ಪೈಪ್‌ನದು.

ಚೈನ್‌ಕವರ್ (ಗಂಗಾವತಿ)

ಟೆನ್ಷನರ್ ಒಂದೇ ಬದಲಿಸೋ ಬಗ್ಗೆ ಯಾರೂ ಮಾತಾಡಿಲ್ಲ, ಅದಕ್ಕ ಬರೀತೀನಿ. ಅದು ಯಾವಾಗ್ಲೂ ತಪ್ಪು ಅಂತ ಹೇಳಾಕ ಬರಂಗಿಲ್ಲ. ಕೆಲವು ಎಂಜಿನ್‌ದಾಗ ಟೆನ್ಷನರ್ ಹೊರಗಿಂದ ಎರಡು ಬೋಲ್ಟ್ ಬಿಚ್ಚಿದ್ರ ಬರ್ತೈತಿ. ಅಂಥದ್ರಾಗ, 60-70 ಸಾವಿರ ಕಿ.ಮೀ. ಓಡಿದ ಗಾಡಿ, ಪಿಸ್ಟನ್ ಸ್ವಲ್ಪೇ ಹೊರಗ ಬಂದೈತಿ, ಕ್ಯಾಮ್-ಕ್ರ್ಯಾಂಕ್ ತಾಳೆ ಸರಿ ಐತಿ ಅಂದ್ರ ಟೆನ್ಷನರ್ ಒಂದೇ ಹಾಕಿ ನೋಡೋದು ನ್ಯಾಯ.

ನಿಮ್ಮದು ಹಂಗಲ್ಲ. 1,62,000 ಆಗೈತಿ, ಟೆನ್ಷನರ್ ಇರೋದು ಕವರ್ ಒಳಗ. ಅಲ್ಲಿ ಮುಟ್ಟಾಕ ಚೇಂಬರ್, ಕವರ್ ಎಲ್ಲಾ ಇಳಿಸಬೇಕು. ಅಷ್ಟು ಬಿಚ್ಚಿ ಹಳೇ ಚೈನ್ ಮ್ಯಾಲ ಹೊಸ ಟೆನ್ಷನರ್ ಕೂಡಿಸಿದ್ರ ಅದು ಮೊದಲ ದಿನದಿಂದಲೇ ಪೂರಾ ಚಾಚಿಕೊಂಡು ನಿಂತಿರ್ತೈತಿ. ಮಜೂರಿ ಎರಡು ಸಲ ಕೊಡೋದಕ್ಕಿಂತ ಒಂದೇ ಸಲ ಕಿಟ್ ಹಾಕ್ರಿ.

ಕಿಟ್ ಅಂದ್ರ ಚೈನ್, ಟೆನ್ಷನರ್, ಎರಡೂ ಗೈಡ್, ಕ್ರ್ಯಾಂಕ್ ಸ್ಪ್ರಾಕೆಟ್, ಕ್ಯಾಮ್ ಸ್ಪ್ರಾಕೆಟ್. ಜೊತಿಗೆ ಮುಂದಿನ ಕ್ರ್ಯಾಂಕ್ ಆಯಿಲ್ ಸೀಲ್, ಗ್ಯಾಸ್ಕೆಟ್, ಲಿಕ್ವಿಡ್ ಗ್ಯಾಸ್ಕೆಟ್ ಟ್ಯೂಬ್, ಆಯಿಲ್, ಫಿಲ್ಟರ್, ಒಮ್ಮೆ ಬಿಗಿದ ಮ್ಯಾಲ ಮತ್ತ ಬಳಸಬಾರದ ಬೋಲ್ಟ್‌ಗಳು. ಸ್ಪ್ರಾಕೆಟ್ ಚಲೋನ ಐತಿ, ಬಿಡ್ರಿ ಅಂತ ಅಂಗಡಿಯವರು ಹೇಳಿದ್ರ ಕೇಳಬ್ಯಾಡ್ರಿ. ಹಳೇ ಹಲ್ಲು ಹಳೇ ಚೈನಿನ ಅಳತಿಗೆ ಸವದಿರ್ತಾವ, ಹೊಸ ಚೈನನ್ನ ಬ್ಯಾಗನೆ ತಿಂತಾವ.

ಈ 1248 ಸಿಸಿ ಫಿಯಟ್ ವಿನ್ಯಾಸದ್ದು. ಮಾರುತಿ, ಟಾಟಾ, ಫಿಯಟ್ ಮೂರರ ಗಾಡಿಗಳಾಗೂ ಬೇರೆ ಬೇರೆ ಹೆಸರಿನಾಗ ಬಂದೈತಿ. ಅದಕ್ಕ ಕಿಟ್ ಸಿಗೋದು ಕಷ್ಟ ಅಲ್ಲ, ಆದ್ರ ಹೊರಗಿನ ಭಾಗಗಳಾಗ ಫರಕು ಇರ್ತಾವ. ಚಾಸಿ ನಂಬರ್ ಕೊಟ್ಟೇ ಪಾರ್ಟ್ ನಂಬರ್ ತಗೋರಿ.

ಎಡದಂಡೆ (ಸಿಂಧನೂರು)

ಎಲ್ಲರಿಗೂ ಧನ್ಯವಾದ. ಹೇಳಿದಂಗ ನೋಡಿಸಿದೆ. ಆಯಿಲ್ ಮಟ್ಟ ಎರಡು ಗೆರಿ ನಡುವೆ ಅದ, ಡೀಸೆಲ್ ವಾಸನಿ ಇಲ್ಲ. ಸ್ಕ್ಯಾನರ್‌ದಾಗ ಪಿ0016 ಸೇವ್ ಆಗಿತ್ತು. ಅಳಿಸಿದ ಮ್ಯಾಲ ಮತ್ತ ಬಂತು. ಆಯಿಲ್ ಫಿಲ್ಟರ್ ಬಿಚ್ಚಿ ಕಾಗದದ ಮಡಿಕಿ ಬಿಡಿಸಿದ್ರ ಗೋಧಿ ಕಾಳಿನಷ್ಟು ಎರಡು ಪ್ಲಾಸ್ಟಿಕ್ ಚೂರು ಸಿಕ್ಕಾವ. ಏರ್ ಫಿಲ್ಟರ್ ಡಬ್ಬಿ ಒಂದು ಕ್ಲಿಪ್ ಇಲ್ಲ, ಪೈಪ್ ಒಳಗ ಧೂಳದ. ಕೆಲಸ ಬಳ್ಳಾರಿದಾಗ ಮಾಡಸಬೇಕಂತ ಅನ್ಕೊಂಡೀನಿ. ಸಿರುಗುಪ್ಪ ಮ್ಯಾಲೆ ಹಾಯ್ದು ನಿಧಾನಕ ಓಡಿಸ್ಕೊಂಡು ಹೋಗಬಹುದಾ? ಮೇಸ್ತ್ರಿ ಕೆಲಸ ಮಾಡುವಾಗ ಯಾವ್ದರ ಮ್ಯಾಲ ಕಣ್ಣಿಡಬೇಕು?

ಸ್ಪ್ಯಾನರ್ 17 (ಬಳ್ಳಾರಿ)

ಓಡಿಸಬೇಡ್ರಿ. ಇನ್ನು ಸ್ಟಾರ್ಟ್ ಕೂಡ ಮಾಡಬೇಡ್ರಿ. ಪ್ಲಾಸ್ಟಿಕ್ ಚೂರು ಅಂದ್ರೆ ಗೈಡ್ ಒಡೆಯುತ್ತಿದೆ. ಮುಂದಿನ ಚೂರು ಚೇಂಬರ್‌ನ ಸ್ಟ್ರೇನರ್ (ಆಯಿಲ್ ಪಂಪ್‌ನ ಜಾಲರಿ) ಮುಚ್ಚಬಹುದು, ಇಲ್ಲಾ ಚೈನ್ ಮತ್ತು ಹಲ್ಲಿನ ನಡುವೆ ಸಿಕ್ಕಿ ಹಾರಿಸಬಹುದು. ಈ ಎಂಜಿನ್‌ನಲ್ಲಿ ಟೈಮಿಂಗ್ ಬಿಟ್ಟರೆ ವಾಲ್ವ್‌ಗೆ ಪಿಸ್ಟನ್ ಬಡಿಯುತ್ತೆ. ಸಾಮಾನ್ಯವಾಗಿ ಮೊದಲು ರಾಕರ್‌ಗಳು (ವಾಲ್ವ್ ಒತ್ತೋ ತೋಳುಗಳು) ಮುರೀತವೆ, ಅದೃಷ್ಟ ಕೆಟ್ಟರೆ ವಾಲ್ವ್ ಬೆಂಡ್. ನಿಧಾನ ಹೋದ್ರೆ ಉಳಿಯುತ್ತೆ ಅನ್ನೋ ಭರವಸೆ ಇಲ್ಲ, ಯಾಕಂದ್ರೆ ಚೈನ್ ಹಾರೋದು ಬಹಳ ಸಲ ಸ್ಟಾರ್ಟ್ ಮಾಡುವಾಗ, ಆಫ್ ಮಾಡುವಾಗಲೇ. ಮೇಲೆ ಹೇರಿಕೊಂಡು ಹೋಗೋ ಟೋ ಗಾಡಿ ಕರೆಸ್ರಿ. ಹತ್ತಿಸುವಾಗ ನ್ಯೂಟ್ರಲ್‌ನಲ್ಲಿರಲಿ. ತಳ್ಳಿ ಸ್ಟಾರ್ಟ್ ಮಾಡೋದು ಬೇಡವೇ ಬೇಡ. ಇಳಿಜಾರಲ್ಲಿ ಗೇರ್ ಹಾಕಿ ನಿಲ್ಲಿಸೋದೂ ಬೇಡ, ಗಾಡಿ ಹಿಂದಕ್ಕೆ ಜಗ್ಗಿದ್ರೆ ಎಂಜಿನ್ ಉಲ್ಟಾ ತಿರುಗಿ ಸಡಿಲ ಚೈನ್ ಜಾರಬಹುದು.

ಕೆಲಸದಲ್ಲಿ ನಾನು ಮೊದಲು ಕೇಳೋ ಪ್ರಶ್ನೆ ಒಂದೇ: ಲಾಕಿಂಗ್ ಪಿನ್ ಸೆಟ್ ಐತೋ ಇಲ್ವೋ? ಕ್ಯಾಮ್‌ಗಳನ್ನೂ ಫ್ಲೈವೀಲನ್ನೂ ಸರಿಯಾದ ಜಾಗದಲ್ಲಿ ಹಿಡಿಯೋ ಪಿನ್ನುಗಳು ಅವು. ಪೇಂಟ್ ಮಾರ್ಕ್ ಹಾಕಿ ಬಿಚ್ಚುತ್ತೀನಿ ಅಂದ್ರೆ ಆ ಗ್ಯಾರೇಜ್ ಬಿಟ್ಟು ಬನ್ನಿ. ಉದ್ದ ಆದ ಚೈನ್ ಮೇಲೆ ಹಾಕಿದ ಮಾರ್ಕ್‌ನಲ್ಲಿ ಆ ಚೈನಿನ ತಪ್ಪೂ ಸೇರಿರುತ್ತೆ, ಹೊಸ ಚೈನ್ ಹಾಕಿದ ಮೇಲೂ ಅದೇ ತಪ್ಪು ಉಳಿಯುತ್ತೆ. ಪಿನ್ನು ಹಾಕಿಟ್ಟು ಅದರ ಮೇಲೆ ಬಲ ಬಿಟ್ಟು ಕ್ಯಾಮ್ ಬೋಲ್ಟ್ ಸಡಿಲಿಸೋದೂ ತಪ್ಪು. ಪಿನ್ ಬಾಗುತ್ತೆ, ಕ್ಯಾಮ್ ತೂತು ಹಾಳಾಗುತ್ತೆ. ಸ್ಪ್ರಾಕೆಟ್ ಹಿಡಿಯೋಕೆ ಬೇರೆ ಟೂಲ್ ಐತೆ.

ಬಿಚ್ಚೋ ದಾರಿ ಹೀಗಿರುತ್ತೆ: ಬ್ಯಾಟರಿ ನೆಗೆಟಿವ್, ಬಲ ಮುಂದಿನ ಚಕ್ರ, ಚಕ್ರದ ಒಳಗಡೆಯ ಪ್ಲಾಸ್ಟಿಕ್ ಲೈನರ್, ಆಯಿಲ್ ಖಾಲಿ, ಹೊರಗಿನ ಬೆಲ್ಟ್. ಆಮೇಲೆ ಜ್ಯಾಕ್ ಮೇಲೆ ಮರದ ತುಂಡಿಟ್ಟು ಎಂಜಿನ್ ಹಿಡಿದು ಬಲಗಡೆ ಮೌಂಟಿಂಗ್, ಕ್ರ್ಯಾಂಕ್ ಪುಲ್ಲಿ, ಚೇಂಬರ್, ಕೊನೆಗೆ ಕವರ್. ಎಂಜಿನನ್ನ ಕೈಯಲ್ಲಿ ತಿರುಗಿಸುವಾಗ ಮುಂದಕ್ಕೆ ಮಾತ್ರ.

ಚೇಂಬರ್ ಇಳಿದ ಮೇಲೆ ಸ್ಟ್ರೇನರ್ ನಿಮ್ಮ ಕಣ್ಣಿಂದಲೇ ನೋಡ್ರಿ. ಒಡೆದ ಗೈಡ್ ತುಂಡುಗಳನ್ನ ಕೂಡಿಸಿ ಎಲ್ಲಾ ಸಿಕ್ಕವೋ ಅಂತ ತಾಳೆ ಹಾಕಬೇಕು. ಟೆನ್ಷನರ್‌ಗೆ ಆಯಿಲ್ ಬರೋ ಸಣ್ಣ ತೂತು ಬ್ಲಾಕ್‌ನಲ್ಲಿ ಐತೆ, ಅದನ್ನ ಕ್ಲೀನರ್ ಸ್ಪ್ರೇ ಹೊಡೆದು, ಗಾಳಿ ಬಿಟ್ಟು ತೊಳೆಸ್ರಿ. ಅದು ಕಟ್ಟಿಕೊಂಡಿದ್ರೆ ಹೊಸ ಟೆನ್ಷನರ್ ಕೂಡ ಗರಗರ ಅನ್ನುತ್ತೆ.

ಚೈನ್‌ಕವರ್ (ಗಂಗಾವತಿ)

ಇನ್ನೊಂದೆರಡು ಸೇರಸ್ತೀನಿ, ಯಾಕಂದ್ರ ಚೈನ್ ಸರಿಯಾಗಿ ಕೂಡಿಸಿದ ಮ್ಯಾಲೂ ಕೆಲಸ ಕೆಡೋದು ಇಲ್ಲೇ.

ಹೊಸ ಟೆನ್ಷನರ್ ಒತ್ತಿ ಪಿನ್ ಹಾಕಿ ಬಂದಿರ್ತೈತಿ. ಬೋಲ್ಟ್ ಪೂರಾ ಬಿಗಿದ ಮ್ಯಾಲೇ ಆ ಪಿನ್ ಕೀಳಬೇಕು. ಕೈಯಾಗ ಹಿಡಕೊಂಡಾಗ ಕಿತ್ರ ಪಿಸ್ಟನ್ ಹಾರಿ ಬರ್ತೈತಿ.

ಲಿಕ್ವಿಡ್ ಗ್ಯಾಸ್ಕೆಟ್ 2-3 ಮಿ.ಮೀ. ದಪ್ಪದ ಒಂದೇ ಗೆರಿ ಸಾಕು. ಜಾಸ್ತಿ ಹಚ್ಚಿದ್ದು ಒಳಗ ಹಿಂಡಿ ಬಂದು, ಉದುರಿ ಸ್ಟ್ರೇನರ್‌ಗೆ ಹೋಗಿ ಕೂಡತೈತಿ. ಚೈನ್ ಕೆಲಸ ಆದ ಸ್ವಲ್ಪ ದಿನಕ್ಕ ಆಯಿಲ್ ಲೈಟ್ ಬಂತು ಅನ್ನೋ ಗಾಡಿಗಳಾಗ ಚೇಂಬರ್ ಬಿಚ್ಚಿದ್ರ ಇದೇ ಸಿಗತೈತಿ. ಹಳೇ ಗ್ಯಾಸ್ಕೆಟ್ ಪೂರಾ ಕೆರೆದು, ಜಿಡ್ಡು ಒರಸಿ, ಹಚ್ಚಿದ ಮ್ಯಾಲ ಟ್ಯೂಬ್ ಮ್ಯಾಲ ಹೇಳಿದಷ್ಟು ಹೊತ್ತು ಒಣಗಾಕ ಬಿಟ್ಟೇ ಆಯಿಲ್ ಹಾಕಬೇಕು.

ಕವರ್ ಮುಚ್ಚೋ ಮೊದಲ ಲಾಕ್ ಪಿನ್ ಎಲ್ಲಾ ತಗದು, ಕ್ರ್ಯಾಂಕನ್ನ ಕೈಲೆ ಎರಡು ಪೂರಾ ಸುತ್ತು ಮುಂದಕ್ಕ ತಿರುಗಿಸಿ, ಮತ್ತ ಪಿನ್ ಹಾಕಿ ನೋಡಬೇಕು. ಸಲೀಸಾಗಿ ಕೂತ್ರ ಟೈಮಿಂಗ್ ಸರಿ. ಸ್ವಲ್ಪ ಬಡದು ಕೂಡಿಸಬೇಕಾತು ಅಂದ್ರ ತಪ್ಪಾಗೈತಿ, ಮತ್ತ ಬಿಚ್ಚಬೇಕು. ಸುತ್ತುವಾಗ ಎಲ್ಲೇ ಗಟ್ಟಿ ತಡದ್ರೂ ಒತ್ತಾಯ ಮಾಡಬಾರದು. ಅಲ್ಲಿ ವಾಲ್ವ್ ಪಿಸ್ಟನ್‌ಗೆ ತಾಗಾಕತ್ತೈತಿ ಅಂತ ತಿಳೀಬೇಕು.

ಮೊದಲ ಸ್ಟಾರ್ಟ್‌ಗೆ ಮುಂಚೆ ಇಂಜೆಕ್ಟರ್ ಕನೆಕ್ಟರ್ ನಾಕೂ ಕಿತ್ತು, ಹತ್ತು ಸೆಕೆಂಡಿನಂಗ ಎರಡು-ಮೂರು ಸಲ ಸೆಲ್ಫ್ ಹೊಡೀರಿ, ನಡುವೆ ಸೆಲ್ಫ್ ಮೋಟರ್‌ಗೆ ವಿಶ್ರಾಂತಿ ಕೊಟ್ಟು. ಎಂಜಿನ್ ಹತ್ತಂಗಿಲ್ಲ, ಆಯಿಲ್ ಮಾತ್ರ ಮ್ಯಾಲ ಏರತೈತಿ. ಆಯಿಲ್ ಲೈಟ್ ಆರಿದ ಮ್ಯಾಲ ಕನೆಕ್ಟರ್ ಹಾಕಿ ಸ್ಟಾರ್ಟ್ ಮಾಡ್ರಿ. ಇದ್ರಿಂದ ಬರೋ ಕೋಡ್‌ಗಳನ್ನ ಆಮ್ಯಾಲ ಸ್ಕ್ಯಾನರ್‌ಲೆ ಅಳಸಿದ್ರಾತು. ಪಿ0016 ಮಾತ್ರ ಮತ್ತ ಬರಬಾರದು.

ಮೊದಲ ಆಯಿಲ್ 1,000 ಕಿ.ಮೀ.ಗೇ ಫಿಲ್ಟರ್ ಸಮೇತ ಬದಲಿಸಿ, ಆ ಫಿಲ್ಟರೂ ಬಿಡಿಸಿ ನೋಡ್ರಿ. ಒಳಗ ಉಳಿದ ಚೂರು ಇದ್ರ ಅದ್ರಾಗ ಬರ್ತಾವ.

ಕೆಂಪುಧೂಳು (ತೋರಣಗಲ್ಲು)

ಕವರ್ ಬಿಚ್ಚಿದ ದಿನ ಹಳೆಯ ಚೈನ್, ಹೊಸ ಚೈನ್ ಎರಡನ್ನೂ ಅಕ್ಕಪಕ್ಕ ಒಂದೇ ಮೊಳೆಗೆ ತೂಗುಹಾಕಿ, ಕೆಳಗೆ ಸಮ ತೂಕ ಕಟ್ಟಿ ಅಳೆಯಿರಿ. ಕೆಳತುದಿಗಳ ಅಂತರ ಬರೆದು, ಎರಡರಷ್ಟು ಮಾಡಿ. ಸುತ್ತಿನ ಚೈನ್ ತೂಗುಹಾಕಿದಾಗ ಕಾಣುವುದು ಅರ್ಧ ಉದ್ದ ಮಾತ್ರ. ಹಳೆಯ ಟೆನ್ಷನರ್‌ನ ಪಿಸ್ಟನ್ ಎಷ್ಟು ಹೊರಗಿತ್ತು ಅನ್ನುವುದರ ಫೋಟೋವನ್ನೂ ಬಿಚ್ಚುವ ಮೊದಲೇ ತೆಗೆಯಿಸಿ.

ಏರ್ ಫಿಲ್ಟರ್ ಡಬ್ಬಿಯನ್ನು ಇದೇ ಕೆಲಸದ ಜೊತೆ ಬದಲಿಸಿ, ಮುಂದೂಡಬೇಡಿ. ತಂತಿ ಕಟ್ಟಿ ನಡೆಸುವುದು ಬೇಡ. ಟರ್ಬೋ ಕಡೆ ಹೋಗುವ ಪೈಪನ್ನು ಒಳಗಿಂದ ಒರೆಸಿ ಸ್ವಚ್ಛ ಮಾಡಿದ ಮೇಲೆ ಹೊಸ ಫಿಲ್ಟರ್ ಕೂರಿಸಬೇಕು, ಇಲ್ಲದಿದ್ದರೆ ಅಲ್ಲಿ ಕೂತ ಬೂದಿ ಮೊದಲ ಸ್ಟಾರ್ಟ್‌ಗೇ ಒಳಗೆ ಹೋಗುತ್ತದೆ. ಸುಗ್ಗಿ ಕಾಲದಲ್ಲಿ, ಅಂದರೆ ನವೆಂಬರ್-ಡಿಸೆಂಬರ್ ಮತ್ತು ಏಪ್ರಿಲ್-ಮೇನಲ್ಲಿ, ಮಿಲ್‌ಗಳ ಕಡೆ ಓಡುವ ಗಾಡಿಯ ಫಿಲ್ಟರನ್ನು 5,000 ಕಿ.ಮೀ. ತನಕ ಕಾಯದೆ ತಿಂಗಳಿಗೊಮ್ಮೆ ತೆಗೆದು ನೋಡಿ. ಮಡಿಕೆಗಳ ತಳ ಕಾಣದಷ್ಟು ತುಂಬಿದ್ದರೆ ಹೊಸದು ಹಾಕಿ.